ಬಾಗಿಲ ಬಳಿಯ ಜಾಗ

ಬುರುಲ್‌ಗೆ ಹುಟ್ಟಿನಿಂದಲೇ ಕಣ್ಣು ಕಾಣದು. ಕರಾಕೋಲ್‌ನ ಶಿಕ್ಷಕರ ಕಾಲೇಜಿನಲ್ಲಿ ಅವಳದು ಕೊನೆಯ ವರ್ಷ. ಬರೆಯುವ ಪರೀಕ್ಷೆಗಳೆಲ್ಲ ಮುಗಿದಿದ್ದವು. ಇನ್ನು ಉಳಿದಿದ್ದು ಮಕ್ಕಳಿಗೆ ಒಂದು ಪಾಠ ಮಾಡಿ ತೋರಿಸುವುದಷ್ಟೇ. ಅದರಲ್ಲಿ ಗೆದ್ದರೆ ಟೀಚರ್, ಸೋತರೆ ಅಮ್ಮನ ಮನೆಯಲ್ಲಿ ಉಣ್ಣೆ ಬಿಡಿಸುತ್ತ ಕೂರಬೇಕು. ಉಣ್ಣೆಯ ಮೇಲೆ ಅವಳಿಗೆ ಸಿಟ್ಟೇನಿರಲಿಲ್ಲ, ಜೀವಮಾನವಿಡೀ ಅದೇ ಕೆಲಸ ಎಂದರೆ ಮಾತ್ರ ಮೈ ಉರಿಯುತ್ತಿತ್ತು.

ಹಿಮ ಬಿದ್ದು ದಾರಿ ಮುಚ್ಚಿದ ಮೇಲೆ ಬೆಟ್ಟದ ಹಳ್ಳಿಗಳ ಮಕ್ಕಳಿಗೆ ಶಾಲೆಯೆಂದರೆ ಕಂಪ್ಯೂಟರಿನೊಳಗಿನ ಡೇರೆ. ಕಾಲೇಜಿನ ಕಂಪ್ಯೂಟರ್ ನೋಡಿಕೊಳ್ಳುವ ಎರ್ಮೆಕ್ ಬೇಸಿಗೆಯಿಡೀ ಕೂತು ಅದನ್ನು ಕಟ್ಟಿದ್ದ. ಬಂದವರಿಗೆಲ್ಲ ಒಂದೊಂದು ಗೊಂಬೆ. ಗೊಂಬೆ ಎಲ್ಲಿ ಕೂತಿದೆಯೋ ಅವರ ದನಿಯೂ ಅಲ್ಲಿಂದಲೇ ಬರುತ್ತಿತ್ತು, ದೂರ ಹೋದಷ್ಟೂ ಸಣ್ಣಗಾಗುತ್ತಿತ್ತು. ಕಿವಿ ಕೇಳದ ಮಕ್ಕಳಿಗೆ ಮಾತೆಲ್ಲ ಅಕ್ಷರವಾಗಿ ಮೂಡುತ್ತಿತ್ತು. ಕೈ ಸ್ವಾಧೀನವಿಲ್ಲದವರು ಒಂದೇ ಗುಂಡಿ ಒತ್ತಿ ಓಡಾಡಬಹುದಿತ್ತು. ಆ ಮಕ್ಕಳ ಮನೆಗೆಲ್ಲ ಹೋಗಿ ಏನೇನು ಬೇಕೆಂದು ಕೇಳಿ ಬಂದಿದ್ದ ಪುಣ್ಯಾತ್ಮ, ಬುರುಲ್‌ಳನ್ನು ಮಾತ್ರ ಏನೂ ಕೇಳಲಿಲ್ಲ. ಅವಳಿಗೆ ಗೌರವ ಕೊಟ್ಟುಬಿಟ್ಟ.

ಡೇರೆಯಲ್ಲಿ ಬಾಗಿಲಿಗೆ ನೇರ ಎದುರಿನ ಜಾಗ ತೋರ್. ಹಿರಿಯರು, ಅತಿಥಿಗಳು ಕೂರುವುದು ಅಲ್ಲಿ. ಚಿಕ್ಕವರೂ ಸೊಸೆಯಂದಿರೂ ಬಾಗಿಲ ಹತ್ತಿರ. ಬುರುಲ್ ಒಳಗೆ ಬಂದದ್ದೇ ತಡ, ಅವಳ ಗೊಂಬೆ ತಾನಾಗಿಯೇ ತೋರ್‌ಗೆ ಹೋಗಿ ಕೂರುವಂತೆ ಎರ್ಮೆಕ್ ಮಾಡಿದ್ದ. ಪಾಪ, ಗೋಡೆಗೆ ಬಡಿದುಕೊಳ್ಳದಿರಲಿ ಎಂದು ಆ ಆಸನಕ್ಕೆ ಬೀಗವನ್ನೂ ಹಾಕಿದ್ದ. ಕೂತವರು ಮತ್ತೆ ಏಳುವ ಹಾಗಿರಲಿಲ್ಲ.

ಪರೀಕ್ಷೆಯ ದಿನ ಬುರುಲ್ ನದಿಗಳ ಪಾಠ ಶುರು ಮಾಡಿದಳು. ಮಕ್ಕಳೆಲ್ಲ ಬಾಗಿಲ ಹತ್ತಿರ ಕೂತಿದ್ದರು, ಮನೆಯಲ್ಲಿ ಕಲಿತದ್ದೇ ಹಾಗೆ. ಅವಳು ಪ್ರಶ್ನೆ ಕೇಳಿದಳು. ದೂರದಲ್ಲಿ ಏನೋ ಗುಸುಗುಸು ಕೇಳಿಸಿತು. ಮತ್ತೆ ಕೇಳಿದಳು. ಮಕ್ಕಳು ಕೈ ಎತ್ತಿದ್ದರು. ಎತ್ತಿದ ಕೈಗೆ ಸದ್ದೆಲ್ಲಿಂದ ಬರಬೇಕು? ಹೇಳಿದ ಉತ್ತರವನ್ನೇ ಮತ್ತೆ ಮತ್ತೆ ಕೇಳುತ್ತಿರುವ ಟೀಚರನ್ನು ಕಂಡು ಯಾವುದೋ ಹುಡುಗಿ ಕಿಸಕ್ಕನೆ ನಕ್ಕಳು. ಆ ನಗು ಮಾತ್ರ ಸ್ಪಷ್ಟವಾಗಿ ಕೇಳಿಸಿತು.

ಮುಖ್ಯ ಪರೀಕ್ಷಕಿ ಸಾಯ್ರಾ ಎಜೆ ಇದನ್ನೆಲ್ಲ ಎರ್ಮೆಕ್‌ನ ಬೆನ್ನ ಹಿಂದೆ ನಿಂತು ಅವನ ಪರದೆಯಲ್ಲಿ ನೋಡುತ್ತಿದ್ದರು. ಅವರನ್ನು ಎಲ್ಲರೂ ಕರೆಯುವುದು ಎಜೆ ಎಂದೇ, ಅಕ್ಕ ಎಂದ ಹಾಗೆ. ಪಾಠ ಮುಗಿದ ಮೇಲೆ ಬುರುಲ್‌ಳ ಕೈ ಹಿಡಿದುಕೊಂಡರು.

"ನಿನಗ್ಯಾಕಮ್ಮಾ ಈ ಗೋಳು? ಪಾಠದಿಂದ ವಿನಾಯಿತಿ ಕೊಟ್ಬಿಡ್ತೀನಿ. ಪದವಿ ಸಿಗುತ್ತೆ."

"ಆಮೇಲೆ ಶಾಲೇಲಿ ಪಾಠ ಮಾಡೋಕೆ ಬಿಡ್ತಾರಾ?"

"ಅದಾಗಲ್ಲ. ಆದ್ರೆ ಪದವಿ ಪದವೀನೇ ಅಲ್ವಾ? ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕ್ಕೋ."

"ಗೋಡೇಲಿ ಇದ್ರೆ ನಂಗೆ ಕಾಣಲ್ವಲ್ಲ ಎಜೆ. ಇನ್ನೊಂದು ಸಲ ಪಾಠ ಮಾಡ್ತೀನಿ. ಆಮೇಲೆ ನಿಮ್ಮಿಷ್ಟ."

ಎಜೆ ನಿಟ್ಟುಸಿರು ಬಿಟ್ಟು ಒಂದು ವಾರ ಕೊಟ್ಟರು. ಬುರುಲ್ ನೇರ ಎರ್ಮೆಕ್‌ನ ಕೋಣೆಗೆ ಹೋದಳು.

"ನನ್ನನ್ನ ಬಾಗಿಲ ಹತ್ರ ಕೂರಿಸು."

"ಬಾಗಿಲ ಹತ್ರನಾ?" ಎರ್ಮೆಕ್ ಹೌಹಾರಿದ. "ಟೀಚರ್‌ನ ತಗೊಂಡು ಹೋಗಿ ಚಪ್ಪಲಿ ಬಿಡೋ ಕಡೆ ಕೂರಿಸಿದೆ ಅಂತ ಗೊತ್ತಾದ್ರೆ ನಮ್ಮಜ್ಜಿ ನನ್ನ ಮನೆ ಒಳಗೇ ಸೇರಿಸಲ್ಲ!"

"ನಿಮ್ಮನೇಲಿ ಚಹಾ ಬಗ್ಗಿಸೋರು ಯಾರು?"

"ನನ್ನ ಹೆಂಡ್ತಿ."

"ಎಲ್ಲಿ ಕೂತ್ಕೋತಾಳೆ?"

"ಬಾಗಿಲ ಹತ್ರ. ಚಹಾ ಕಾಯಿಸೋ ಸಮೋವರ್ ಇರೋದು ಅಲ್ಲೇ ತಾನೇ?"

"ಯಾರ ಬಟ್ಟಲು ಖಾಲಿ ಆಯ್ತು, ಯಾರಿಗೆ ಸಾಕಾಯ್ತು ಅಂತ ತೋರ್‌ನಲ್ಲಿ ಕೂತಿರೋ ನಿಮ್ಮಜ್ಜಿಗೆ ಗೊತ್ತಿರುತ್ತೋ, ಅವಳಿಗೋ?"

ತನ್ನ ಮನೆಯಲ್ಲಿ ಚಹಾ ಬಗ್ಗಿಸುವವಳು ತಾನೇ ಎಂದು ಬುರುಲ್ ಹೇಳಿದಳು. ಖಾಲಿ ಬಟ್ಟಲನ್ನು ಕೆಳಗೆ ಇಟ್ಟ ಸದ್ದಿನಲ್ಲೇ ಅವಳಿಗೆ ಅದು ಯಾರದೆಂದು ತಿಳಿಯುತ್ತಿತ್ತು.

"ಮಕ್ಕಳು ಕೈ ಎತ್ತಿದಾಗ ಬಟ್ಟಲಿನ ಸದ್ದು ಬರ್ಲಿ. ಅವರು ಕೂತಿರೋ ಕಡೆಯಿಂದಾನೇ ಬರ್ಲಿ. ಇನ್ನೊಂದು, ನಂಗೆ ಎದ್ದು ಓಡಾಡೋಕೆ ಬಿಡು ಮಾರಾಯ. ಗೋಡೆಗೆ ಬಡ್ಕೊಂಡ್ರೆ ಬಡ್ಕೋತೀನಿ. ನಿನ್ನ ಡೇರೆ ಗೋಡೆ ಬಡಿದು ಯಾರ ತಲೆಯೂ ಒಡೆದಿಲ್ಲ."

ಎರ್ಮೆಕ್‌ನ ಮುಖ ಸಣ್ಣದಾಯಿತು, ಆದರೂ ಕೆಲಸಕ್ಕೆ ಕೂತ. ಅವನ ಹೆಂಡತಿ ಮನೆಯ ಬಟ್ಟಲುಗಳನ್ನೆಲ್ಲ ತಂದು ಒಂದೊಂದಾಗಿ ಇಟ್ಟು ಸದ್ದು ಮಾಡಿಕೊಟ್ಟಳು. ಒಂದೊಂದು ಮಗುವಿಗೆ ಒಂದೊಂದು ಬಟ್ಟಲಿನ ಸದ್ದು.

ಮರು ಪಾಠದ ದಿನ ಹಿಮ ಜೋರಾಗಿದ್ದರಿಂದ ಸಾಯ್ರಾ ಎಜೆ ಮನೆಯಿಂದಲೇ ಡೇರೆಗೆ ಬಂದರು, ಅದೂ ತಡವಾಗಿ. ಅಷ್ಟರಲ್ಲಿ ಪಾಠ ರಂಗೇರಿತ್ತು. ಬಟ್ಟಲು ಟಣ್ಣೆಂದ ಕಡೆ ಬುರುಲ್ ತಿರುಗುತ್ತಿದ್ದಳು, ಹತ್ತಿರ ಹೋಗುತ್ತಿದ್ದಳು, ಹೆಸರು ಹಿಡಿದು ಕರೆಯುತ್ತಿದ್ದಳು. ಎಜೆಗೆ ಮಕ್ಕಳ ನಡುವೆ ಕೂರುವ ಅಭ್ಯಾಸವಿರಲಿಲ್ಲ. ಖಾಲಿಯಿದ್ದ ತೋರ್‌ಗೆ ಹೋಗಿ ಕೂತರು. ಬುರುಲ್‌ಗೆ ಹೊಸ ಜಾಗ ಮಾಡಿದ್ದ ಎರ್ಮೆಕ್ ಹಳೆಯ ಆಸನದ ಬೀಗ ತೆಗೆಯುವುದನ್ನು ಮರೆತಿದ್ದ.

"ಎರ್ಮೆಕ್, ಇಲ್ಲಿ ಏನೂ ಕೇಳಿಸ್ತಿಲ್ಲ," ಎಂದರು ಎಜೆ ಅವನಿಗೆ ಫೋನ್ ಮಾಡಿ. ಸ್ವಲ್ಪ ಹೊತ್ತಿಗೆ, "ಏಳೋಕೂ ಆಗ್ತಿಲ್ಲ ಕಣೋ. ಇದೇನಿದು?"

"ಅದು... ಗೌರವಕ್ಕೆ ಅಂತ ಮಾಡಿದ್ದು ಎಜೆ."

ದೂರದಲ್ಲಿ ಮಕ್ಕಳು ಗೊಳ್ಳೆಂದು ನಕ್ಕರು. ಯಾತಕ್ಕೆ ನಕ್ಕರೆಂದು ಎಜೆಗೆ ತಿಳಿಯಲಿಲ್ಲ. ತಮ್ಮನ್ನು ಕಂಡೇ ಇರಬೇಕು ಅನ್ನಿಸಿ ಮುಖ ಬಿಸಿಯಾಯಿತು. ಎರ್ಮೆಕ್ ಗಡಿಬಿಡಿಯಿಂದ ಗುಂಡಿಗಳನ್ನು ಒತ್ತುತ್ತಿದ್ದ.

"ಹೋದ ವಾರ ಅವಳು ಕೂತಿದ್ದು ಇಲ್ಲೇನಾ?" ಎಜೆ ಕೇಳಿದರು.

"ಹೌದು."

"ಪಾಠ ಮುಗಿಯೋವರೆಗೂ?"

"ಹೌದು ಎಜೆ."

ಅಷ್ಟರಲ್ಲಿ ಬೀಗ ಬಿಟ್ಟುಕೊಂಡಿತು. ಎಜೆ ಎದ್ದರು. ಡೇರೆಯನ್ನು ದಾಟಿ ಬಂದು ಬಾಗಿಲ ಹತ್ತಿರ, ಅಂದು ನಕ್ಕಿದ್ದ ಹುಡುಗಿಯ ಪಕ್ಕದಲ್ಲಿ ಕೂತರು. ಪಾಠ ನಿಲ್ಲಲಿಲ್ಲ. ಕೊನೆಯ ಪ್ರಶ್ನೆಗೆ ಎಜೆ ತಾವೇ ಕೈ ಎತ್ತಿದರು. ಯಾರದೂ ಅಲ್ಲದ ಬಟ್ಟಲೊಂದು ಟಣ್ಣೆಂದಿತು.

ಬುರುಲ್ ಆ ಕಡೆ ತಿರುಗಿದಳು. "ಹೊಸಬರು ಯಾರೋ ಬಂದಿದೀರಿ. ಹೇಳಿ, ಕೇಳಿಸ್ತಿದೆ."