ಎರಡು ಹಾಳೆಗಳ ನಡುವಿನ ಜನ

ಲಕ್ಷ್ಮೀಶ ಆ ಪತ್ರವನ್ನು ಮೂರನೆಯ ಸಲ ಓದುತ್ತಿದ್ದ. ಸ್ಕ್ಯಾನ್ ಮಾಡಿ ಕಳಿಸಿದ ಕೈಬರಹ. ಗೆರೆ ಹಾಕಿದ ನೋಟ್‌ಬುಕ್ಕಿನ ಹಾಳೆ, ಮೂಲೆಯಲ್ಲಿ ಶಾಲೆಯೊಂದರ ದುಂಡು ಮೊಹರು. ಬರೆದವರು ಆ ಶಾಲೆಯ ಹೆಡ್‌ಮಾಸ್ತರು. ತಪ್ಪಿಲ್ಲದ ಇಂಗ್ಲಿಷ್ ಬರೆಯಲು ಪಟ್ಟ ಕಷ್ಟ ಅಕ್ಷರ ಅಕ್ಷರದಲ್ಲೂ ಕಾಣುತ್ತಿತ್ತು.

'ಹಳೆಯ ರೈಲು ದಾರಿಯ ಮೇಲೆ ವಾಸವಾಗಿರುವ ನಮ್ಮ ಮೂರು ಸಾವಿರದ ಎಂಟು ನೂರು ಜನರನ್ನು ಉತ್ತರದ ಕ್ಷೇತ್ರಕ್ಕೆ ಸೇರಿಸಲಾಗಿದೆ. ಇನ್ನು ಮೇಲೆ ಮತ ಹಾಕಲು ನಾವು ಉತ್ತರದ ಪೇಟೆಗೆ ಹೋಗಬೇಕು. ಕಳೆದ ಚುನಾವಣೆಯಲ್ಲಿ ನಮ್ಮ ಮನೆಗಳಿಗೆ ಬೆಂಕಿ ಇಟ್ಟವರು ಆ ಪೇಟೆಯಿಂದ ಬಂದವರು. ಈ ಗೆರೆ ಎಳೆದವರಿಗೆ ಇದು ತಿಳಿದಿರಲೇಬೇಕು. ತಿಳಿದೇ ಎಳೆದಿದ್ದಾರೆಂದು ನಾವು ಭಾವಿಸಿದ್ದೇವೆ.'

ಗೆರೆ ಎಳೆದವನು ಲಕ್ಷ್ಮೀಶ. ಅವನಿಗೆ ಏನೂ ತಿಳಿದಿರಲಿಲ್ಲ.

ಆ ಪುಟ್ಟ ದೇಶವನ್ನು ಅವನು ನೋಡಿಯೂ ಇರಲಿಲ್ಲ. ನೈರೋಬಿಯಿಂದ ವಿಮಾನದಲ್ಲಿ ಎರಡು ಗಂಟೆಯ ದಾರಿ. ಅಲ್ಲಿಯ ಚುನಾವಣಾ ಆಯೋಗ ದೇಶವನ್ನು ಹೊಸದಾಗಿ ನಲವತ್ತೊಂದು ಕ್ಷೇತ್ರಗಳಾಗಿ ವಿಂಗಡಿಸುತ್ತಿತ್ತು. ನಕ್ಷೆಯ ಕೆಲಸವನ್ನು ನೈರೋಬಿಯ ಪಾರ್ಕ್‌ಲ್ಯಾಂಡ್ಸ್‌ನಲ್ಲಿ ಲಕ್ಷ್ಮೀಶ ಕೆಲಸಕ್ಕಿದ್ದ ಕಂಪನಿಗೆ ಕೊಟ್ಟಿತ್ತು. ಹಳೆಯ ಕಾಗದದ ನಕ್ಷೆಗಳನ್ನು ಕಂಪ್ಯೂಟರಿಗೆ ಇಳಿಸುವುದು, ಜನಗಣತಿಯ ಸಂಖ್ಯೆಗಳನ್ನು ಅದಕ್ಕೆ ಕೂಡಿಸುವುದು, ಒಂದೊಂದು ಕ್ಷೇತ್ರಕ್ಕೂ ಸುಮಾರಾಗಿ ಒಂದೇ ಸಂಖ್ಯೆಯ ಜನ ಬರುವಂತೆ ಗೆರೆ ಎಳೆದು ತೋರಿಸುವುದು, ಇಷ್ಟು ಇವರ ಕೆಲಸ. ಕರಡು ನಕ್ಷೆ ಪ್ರಕಟವಾದ ಮೇಲೆ ಆಕ್ಷೇಪಣೆಗೆ ಮೂವತ್ತು ದಿನ. ಇವತ್ತು, ಶುಕ್ರವಾರ, ಮೂವತ್ತನೆಯ ದಿನ. ಸಂಜೆ ಐದಕ್ಕೆ ಮುಗಿಯುತ್ತದೆ. ಆಮೇಲೆ ಗೆಜೆಟ್ಟಿಗೆ ಹೋದರೆ ಹತ್ತು ವರ್ಷ ಯಾರೂ ಮುಟ್ಟುವಂತಿಲ್ಲ.

ಬಂದ ಆಕ್ಷೇಪಣೆಗಳನ್ನು ಆಯೋಗ ಒಂದು ಪಟ್ಟಿ ಮಾಡಿ ಕಳಿಸಿತ್ತು. ಪ್ರತಿಯೊಂದರ ಮುಂದೆಯೂ ಒಂದು ಖಾಲಿ ಚೌಕ: 'ಗೆರೆ ತಾಂತ್ರಿಕ ನಿಯಮದಂತೆ ಇದೆಯೇ?' ಕಂಪನಿ 'ಹೌದು' ಎಂದು ಬರೆದರೆ ಆಕ್ಷೇಪಣೆ ತಿರಸ್ಕಾರವಾಗುತ್ತದೆ. 'ಇಲ್ಲ' ಎಂದರೆ ಗೆರೆಯನ್ನು ಮತ್ತೆ ನೋಡುತ್ತಾರೆ. ಹಾಗೆ ಉತ್ತರ ಬರೆದವರ ಹೆಸರು, ಫೋನ್ ನಂಬರು ಪಟ್ಟಿಯ ಕೊನೆಗೆ ಇರಬೇಕು. ಇನ್ನೂರ ಹದಿನಾರರವರೆಗೆ ಲಕ್ಷ್ಮೀಶ 'ಹೌದು' ಎಂದು ಬರೆದಿದ್ದ. ಹೆಡ್‌ಮಾಸ್ತರರ ಪತ್ರ ಇನ್ನೂರ ಹದಿನೇಳು.

ಅವನು ಆ ಜಾಗದ ಉಪಗ್ರಹ ಚಿತ್ರವನ್ನು ತೆರೆದ. ಆ ದೇಶದ ಉತ್ತರ ಜಿಲ್ಲೆಯ ಹಳೆಯ ನಕ್ಷೆ ರೈಲು ದಾರಿಯ ಉತ್ತರದ ಬೇಲಿಗೆ ಮುಗಿಯುತ್ತಿತ್ತು. ದಕ್ಷಿಣ ಜಿಲ್ಲೆಯದು ದಕ್ಷಿಣದ ಬೇಲಿಯಿಂದ ಶುರುವಾಗುತ್ತಿತ್ತು. ನಡುವಿನ ರೈಲ್ವೆ ಜಮೀನು, ಅರವತ್ತು ಮೀಟರ್ ಅಗಲ, ಹನ್ನೊಂದು ಕಿಲೋಮೀಟರ್ ಉದ್ದ, ಯಾವ ಹಾಳೆಯಲ್ಲೂ ಇರಲಿಲ್ಲ. ಎರಡು ಹಳೆಯ ಹಾಳೆಗಳನ್ನು ಜೋಡಿಸಿದಾಗ ಗೆರೆಗಳು ಕೂಡದೆ ಇಂಥ ಸಂದುಗಳು ಉಳಿಯುವುದು ಮಾಮೂಲು. ಅಗಲ ಎಪ್ಪತ್ತು ಮೀಟರಿಗಿಂತ ಕಮ್ಮಿಯಿದ್ದರೆ ಅದನ್ನು ಕೈತಪ್ಪೆಂದು ತಿಳಿದು, ಯಾವ ಕಡೆ ಹೆಚ್ಚು ಉದ್ದಕ್ಕೆ ತಾಗಿದೆಯೋ ಆ ಕಡೆಗೆ ಸೇರಿಸಿಬಿಡಬೇಕು. ಅದು ನಿಯಮ. ಯಂತ್ರವೇ ಸೇರಿಸುತ್ತದೆ, ಮನುಷ್ಯ ನೋಡಿ ಒಪ್ಪಬೇಕು.

ಆರು ನೂರ ಹನ್ನೆರಡು ಸಂದುಗಳಿದ್ದವು. ಲಕ್ಷ್ಮೀಶ ಒಂದೊಂದನ್ನೂ ನೋಡಿದ್ದ. ಮನೆಯ ಬೀಗವನ್ನು ಎರಡು ಸಲ ಎಳೆದು ನೋಡಿ, ಮೆಟ್ಟಿಲಿಳಿದು, ಮತ್ತೆ ಹತ್ತಿ ಬಂದು ನೋಡುವ ಮನುಷ್ಯ ಅವನು. ಈ ಸಂದನ್ನೂ ನೋಡಿದ್ದ. ಉದ್ದಕ್ಕೂ ಸಾಲಾಗಿ ಒಂದೇ ಅಳತೆಯ ಸೂರುಗಳು ಕಂಡಿದ್ದವು. ಅವನು ಹುಟ್ಟಿ ಬೆಳೆದದ್ದು ಅರಸೀಕೆರೆಯಲ್ಲಿ, ಜಂಕ್ಷನ್ನಿನ ಪಕ್ಕ. ಹಳಿಯ ಬದಿಗೆ ಸಾಲು ಮನೆ ಎಂದರೆ ರೈಲ್ವೆ ಕ್ವಾರ್ಟರ್ಸು. ಅಲ್ಲಿಯವರ ಹೆಸರು ಊರಿನ ಪಟ್ಟಿಯಲ್ಲೇ ಇರುತ್ತದೆ. ಅಷ್ಟು ಯೋಚಿಸಲು ಎರಡು ಸೆಕೆಂಡು ಹಿಡಿದಿರಬಹುದು. ಒಪ್ಪಿಗೆಯ ಗುಂಡಿ ಒತ್ತಿ ಮುಂದಿನದಕ್ಕೆ ಹೋಗಿದ್ದ. ಆ ದಾರಿಯಲ್ಲಿ ರೈಲು ನಿಂತು ಮೂವತ್ತು ವರ್ಷವಾಗಿತ್ತೆಂದು ಪತ್ರ ಓದಿದ ಮೇಲೆ ತಿಳಿಯಿತು. ಅವು ಮನೆ ಕಳೆದುಕೊಂಡವರಿಗೆ ಯಾವುದೋ ಸಂಸ್ಥೆ ಹಾಕಿಕೊಟ್ಟ ತಗಡಿನ ಸೂರುಗಳು.

ಪಕ್ಕದ ಮೇಜಿನ ಮ್ವೆಂದೆ ಕುರ್ಚಿಯನ್ನು ಉರುಳಿಸಿಕೊಂಡು ಬಂದಳು. ಲಕ್ಷ್ಮೀಶನ ನಕ್ಷೆಗಳನ್ನು ಪರಿಶೀಲಿಸಿ ಎರಡನೆಯ ಸಹಿ ಹಾಕುವವಳು ಅವಳು. ಕೀನ್ಯಾದ ಮಚಾಕೋಸ್ ಊರಿನ ಕಡೆಯ ಹೆಂಗಸು, ಲಕ್ಷ್ಮೀಶನಿಗಿಂತ ಐದಾರು ವರ್ಷ ದೊಡ್ಡವಳು. ಪತ್ರವನ್ನು ಓದಿದಳು. ಅವಳ ಮುಖದಲ್ಲಿದ್ದ ತಮಾಷೆ ಹೋಯಿತು.

"ಇದರ ಮೇಲೆ ನನ್ನ ಸಹಿಯೂ ಇದೆ, ಅಲ್ಲವಾ?"

"ಇದೆ. ಆದರೆ ಸೂರುಗಳನ್ನು ನೋಡಿದವನು ನಾನು. ನಿನಗೆ ಬಂದದ್ದು ಬರೀ ಪಟ್ಟಿ."

"ಬರೀ ಪಟ್ಟಿಗೆ ಸಹಿ ಹಾಕಿದ್ದು ಇನ್ನೂ ನಾಚಿಕೆಗೇಡು." ಅವಳು ಪರದೆಯ ಮೇಲಿನ ಸೂರುಗಳನ್ನು ನೋಡಿದಳು. "ಇಲ್ಲಿ ಒಂದು ಚುನಾವಣೆ ಆದ ಮೇಲೆ ಗಲಭೆಗೆ ಹೆದರಿ ನಾವು ಹನ್ನೆರಡು ದಿನ ಮನೆಯೊಳಗೇ ಇದ್ದೆವು, ಲಕ್ಷ್ಮಿ. ಬರೀ ಹುರುಳಿ ಬೇಯಿಸಿಕೊಂಡು. ಅಮ್ಮ ಯಾರ ಧ್ವನಿ ಕೇಳಿದರೂ ಅದು ಯಾವ ಭಾಷೆ ಅಂತ ಮೊದಲು ಕೇಳಿಸಿಕೊಳ್ಳುತ್ತಿದ್ದಳು."

"ಈಗ ಏನು ಬರೆಯಲಿ?"

"ನನ್ನನ್ನು ಕೇಳಬೇಡ. ನನ್ನನ್ನು ಕೆಲಸದಿಂದ ತೆಗೆದರೆ ಬಸ್ಸು ಹತ್ತಿ ಊರಿಗೆ ಹೋಗುತ್ತೇನೆ. ನಿನಗೆ ವಿಮಾನ ಬೇಕು." ನಗಿಸಲು ನೋಡಿದಳು, ಆಗಲಿಲ್ಲ. "ಪೋಲೆ," ಎಂದು ಸ್ವಾಹಿಲಿಯಲ್ಲಿ ಸಮಾಧಾನ ಹೇಳಿ, ಅವನ ಭುಜ ಮುಟ್ಟಿ ತನ್ನ ಜಾಗಕ್ಕೆ ಹೋದಳು.

ಮೂರು ಗಂಟೆಗೆ ಲಕ್ಷ್ಮೀಶ ಗಂಗಾಧರರ ಕೋಣೆಗೆ ಹೋದ. ಕಂಪನಿ ನಡೆಸುತ್ತಿದ್ದವರು ಅವರು; ಮೈಸೂರಿನವರು, ಇಪ್ಪತ್ತು ವರ್ಷದಿಂದ ಇಲ್ಲಿದ್ದವರು. ಮೇಜಿನ ಮೇಲೆ ಬಾಗಿ ಪತ್ರ ಓದಿದರು, ಕನ್ನಡಕ ತೆಗೆದು ಒರೆಸಿಕೊಂಡರು.

"ಗೆರೆ ರೂಲ್ ಪ್ರಕಾರ ಇದೆಯಾ ಇಲ್ವಾ? ಅಷ್ಟೇ ಅಲ್ವಾ ಅವ್ರು ಕೇಳಿರೋದು?"

"ರೂಲ್ ಪ್ರಕಾರ ಇದೆ ಸರ್. ಆದ್ರೆ ಅದು ಸಂದೇ ಅಲ್ಲ. ಅಲ್ಲಿ ಜನ ಇದಾರೆ. ನಾನು ನೋಡಿದ್ದೆ. ಕ್ವಾರ್ಟರ್ಸು ಅನ್ಕೊಂಡೆ."

"ಏನು ಕ್ವಾರ್ಟರ್ಸು?"

"ರೈಲ್ವೆ ಕ್ವಾರ್ಟರ್ಸು ಸರ್. ನಮ್ಮೂರಲ್ಲಿ ಇರೋ ಥರ."

ಗಂಗಾಧರರು ಅವನನ್ನೇ ನೋಡಿದರು. "ಇದನ್ನ ಇನ್ನೊಬ್ರ ಮುಂದೆ ಹೇಳ್ಬೇಡಿ ಮಾರಾಯ್ರೇ. ಅರಸೀಕೆರೆ ನೆನಪಾಗಿ ಒಂದು ದೇಶದ ಕಾನ್ಸ್ಟಿಟ್ಯೂಯೆನ್ಸಿ ಬದಲಾಯ್ತು ಅಂದ್ರೆ ಯಾರಾದ್ರೂ ನಂಬ್ತಾರಾ?"

"ನಂಬಲ್ಲ ಸರ್."

"ಅದೇ ನಾನು ಹೇಳ್ತಿರೋದು. ಕರಡು ಬಂದ ದಿನದಿಂದ ಅಲ್ಲಿ ಆಳೋ ಪಾರ್ಟಿಯವ್ರಿಗೆ ಈ ಗೆರೆ ಬಹಳ ಖುಷಿ. ಆ ಉತ್ತರದ ಸೀಟು ಅವರದ್ದು, ದಕ್ಷಿಣದಲ್ಲಿ ಎದುರು ಪಾರ್ಟಿಗೆ ಮೂರು ಸಾವಿರ ವೋಟು ಕಮ್ಮಿ. ಈಗ ಕೊನೇ ದಿನ, ಕೊನೇ ಗಂಟೇಲಿ ನೀವು ತಪ್ಪಾಯ್ತು ಅಂದ್ರೆ, ಎದುರು ಪಾರ್ಟಿ ಇವ್ರನ್ನ ಕೊಂಡ್ಕೊಂಡಿದೆ ಅಂತಾರೆ. ಆಗ ನಿಮ್ಮನ್ನ ಕಾಪಾಡೋಕೆ ನನ್ನ ಕೈಲಾಗಲ್ಲ. ನಿಮ್ಮ ವರ್ಕ್ ಪರ್ಮಿಟ್ಟು ಯಾವಾಗ ಮುಗಿಯುತ್ತೆ?"

"ಮುಂದಿನ ತಿಂಗಳು."

"ನೋಡಿ." ಅವರು ಪತ್ರವನ್ನು ಅವನ ಕಡೆಗೆ ತಳ್ಳಿದರು. ಧ್ವನಿ ಒರಟಾಗಿರಲಿಲ್ಲ. "ಹೌದು ಅಂತ ಬರೀರಿ, ಲಕ್ಷ್ಮೀಶ. ಸುಳ್ಳು ಹೇಳಿ ಅಂತಿಲ್ಲ ನಾನು. ಹೌದು ಅನ್ನೋದೇ ನಿಜ ಅಲ್ವಾ?"

ಹೌದು ಎನ್ನುವುದು ನಿಜವೇ ಆಗಿತ್ತು. ಲಕ್ಷ್ಮೀಶ ತನ್ನ ಜಾಗಕ್ಕೆ ಬಂದು ಆ ಮಾತನ್ನು ಮನಸ್ಸಿನಲ್ಲಿ ಹಿಂದೆ ಮುಂದೆ ಮಾಡಿ ನೋಡಿದ. ಸರ್ವೆ ಆಫೀಸಿನಲ್ಲಿ ನಕ್ಷೆ ನಕಲು ಮಾಡುವ ಟ್ರೇಸರ್ ಆಗಿ ಸೇರಿ, ಸಂಜೆ ಕಾಲೇಜಿನಲ್ಲಿ ಡಿಗ್ರಿ ಮುಗಿಸಿದವನು ಅವನು. ಹಗಲು ಕಾಲೇಜಿನಲ್ಲಿ ಓದಿದವರಿಗೆ ಗೊತ್ತಿರುವ ಏನೋ ಒಂದು ತನಗೆ ಗೊತ್ತಿಲ್ಲ ಎಂಬ ಅನುಮಾನ ಅವನನ್ನು ಬಿಟ್ಟಿರಲೇ ಇಲ್ಲ. ಇದೂ ಅಂಥದ್ದೇ ಇರಬಹುದು. ಗಂಗಾಧರರ ಜಾಗದಲ್ಲಿರುವವರು ಇಂಥದ್ದನ್ನು ಸಲೀಸಾಗಿ ದಾಟಿ ಹೋಗುತ್ತಾರೆ. ಆಯೋಗದವರಿಗೆ ಬೇರೆ ದಾರಿಗಳಿರಬಹುದು. ಪೊಲೀಸರಿರಬಹುದು. ಅಲ್ಲಿಗೆ ಇನ್ನೊಂದು ಮತಗಟ್ಟೆ ಕೊಡಬಹುದು. ಈ 'ಬಹುದು'ಗಳನ್ನು ಎಣಿಸುತ್ತಾ ನಾಲ್ಕು ಗಂಟೆಯಾಯಿತು.

ಹೆಂಡತಿ ಭಾನುಮತಿಗೆ ಫೋನ್ ಮಾಡಿದ. ಎಲ್ಲ ಹೇಳಲಿಲ್ಲ, ಒಂದು ತಪ್ಪಾಗಿದೆ, ಒಪ್ಪಿಕೊಂಡರೆ ಕೆಲಸ ಹೋಗಬಹುದು ಎಂದಷ್ಟೇ ಹೇಳಿದ.

"ಒಪ್ಪಿಕೊಳ್ಳದೇ ಇದ್ರೆ?" ಎಂದಳು.

"ಯಾರಿಗೂ ಗೊತ್ತಾಗಲ್ಲ."

ಆ ಕಡೆ ಕುಕ್ಕರ್ ಕೂಗಿತು. ಅವಳು ಅದು ನಿಲ್ಲುವವರೆಗೆ ಕಾದಳು. "ರೀ, ಹೋದ ತಿಂಗಳಿಂದ ನಿಮ್ಗೆ ನಿದ್ದೆ ಬರ್ತಿದೆ. ನಾನು ನೋಡ್ತಾ ಇದೀನಿ. ಈ ಕೆಲಸ ಮುಗೀತು ಅಂತ ನಿದ್ದೆ ಮಾಡ್ತಿದ್ರಿ. ಮುಚ್ಚಿಟ್ರೆ ಇನ್ಮೇಲೆ ಬರುತ್ತಾ?" ಇನ್ನೇನೋ ಹೇಳಲು ಹೊರಟು, "ವರ್ಷಿಣಿ ಸ್ಕೂಲಿಂದ ಬಂದ್ಲು, ಇಡ್ತೀನಿ," ಎಂದಳು.

ನಾಲ್ಕು ನಲವತ್ತಕ್ಕೆ ಅವನು ಇನ್ನೂರ ಹದಿನೇಳರ ಚೌಕದಲ್ಲಿ 'ಇಲ್ಲ' ಎಂದು ಬರೆದ. ಕೆಳಗೆ ನಾಲ್ಕು ಸಾಲು: ಇದು ನಕ್ಷೆಯ ಸಂದಲ್ಲ, ಜನವಸತಿ. ನಾನು ಸೂರುಗಳನ್ನು ನೋಡಿಯೂ ತಪ್ಪಾಗಿ ತಿಳಿದೆ. ಜನಗಣತಿಯಲ್ಲಿ ಇದು ಬೇರೆಯೇ ತುಂಡಾಗಿ ದಾಖಲಾಗಿದೆ. ಗೆರೆಯನ್ನು ಉತ್ತರದ ಬೇಲಿಗೆ ಸರಿಸಿ ಇವರನ್ನು ದಕ್ಷಿಣದ ಕ್ಷೇತ್ರಕ್ಕೆ ಸೇರಿಸಬೇಕು. ಕೊನೆಯಲ್ಲಿ ಹೆಸರು, ಮೊಬೈಲ್ ನಂಬರು. ಕಳಿಸುವ ಗುಂಡಿ ಒತ್ತಿದಾಗ ಬೆರಳು ಎರಡು ಸಲ ಬಿದ್ದು, ಒಂದೇ ಪಟ್ಟಿ ಎರಡು ಸಲ ಹೋಯಿತು. ಅದಕ್ಕೆ ಕ್ಷಮೆ ಕೇಳಿ ಇನ್ನೊಂದು ಮೇಲ್ ಬರೆಯಲು ಕೂತವನನ್ನು ಮ್ವೆಂದೆ ತಡೆದಳು.

ಐದೂ ಇಪ್ಪತ್ತಕ್ಕೆ ಆಯೋಗದಿಂದ ಉತ್ತರ ಬಂತು. ಒಂದೇ ಸಾಲು. 'ಇದನ್ನು ಬರೆಯಲು ನಿಮಗೆ ಹೇಳಿದವರು ಯಾರು?'

'ಯಾರೂ ಅಲ್ಲ' ಎಂದು ಟೈಪ್ ಮಾಡಿದ. ಓದಿದ. ಯಾರಾದರೂ ಹೇಳಿ ಬರೆಸಿದ್ದರೂ ಕೊಡುವ ಉತ್ತರ ಅದೇ. 'ನಾನೇ' ಎಂದು ತಿದ್ದಿದ. ಅದು ಇನ್ನೂ ಕೆಟ್ಟದಾಗಿ ಕಂಡಿತು. ಕೊನೆಗೆ ಮೊದಲು ಬರೆದದ್ದನ್ನೇ ಕಳಿಸಿದ. ಹೊರಡುವಾಗ ಗಂಗಾಧರರು ಬಾಗಿಲಲ್ಲಿ ಸಿಕ್ಕರು. "ಸೋಮವಾರ ಬರೋದು ಬೇಡ. ನಾನೇ ಫೋನ್ ಮಾಡ್ತೀನಿ," ಎಂದರು. ಅವನ ಮುಖ ನೋಡಲಿಲ್ಲ.

ಶನಿವಾರ ಬೆಳಿಗ್ಗೆ ಲಕ್ಷ್ಮೀಶ ಸೋಫಾದ ಅಂಚಿನಲ್ಲಿ ಕೂತಿದ್ದ. ಆ ದೇಶದ ಸುದ್ದಿಯನ್ನು ಫೋನಿನಲ್ಲಿ ಹುಡುಕಿ ನೋಡಿದ. ಕ್ಷೇತ್ರಗಳ ಬಗ್ಗೆ ಏನೂ ಇರಲಿಲ್ಲ. ಏನೂ ಇಲ್ಲದಿರುವುದು ಒಳ್ಳೆಯದೋ ಕೆಟ್ಟದ್ದೋ ತಿಳಿಯಲಿಲ್ಲ. ಕೆಳಗೆ ಯಾರದೋ ಕಾರು ಗೇಟಿನ ಮುಂದೆ ನಿಂತರೆ ಎದ್ದು ಪರದೆ ಸರಿಸಿ ನೋಡುತ್ತಿದ್ದ. ಭಾನುಮತಿ ಅವನ ಮುಂದೆ ಉಪ್ಪಿಟ್ಟಿನ ತಟ್ಟೆ ಇಟ್ಟು, ಅವನು ತಿನ್ನದಿರುವುದನ್ನು ನೋಡಿ ಮುಚ್ಚಿಟ್ಟಳು. ಬೆಳಿಗ್ಗೆಯೇ ಅವನು ಅವಳಿಗೆ ಎಲ್ಲವನ್ನೂ ಹೇಳಿದ್ದ.

"ಆ ಜನಕ್ಕೆ ನೀವು ಬರೆದದ್ದು ಗೊತ್ತಾಗುತ್ತಾ?" ಎಂದು ಕೇಳಿದಳು.

"ಆಕ್ಷೇಪಣೆ ಹಾಕಿದವರಿಗೆ ಆ ಪಟ್ಟಿ ಕಳಿಸ್ತಾರೆ."

"ಇನ್ನೊಂದು ಕಡೆಯವ್ರಿಗೆ?"

ಲಕ್ಷ್ಮೀಶನಿಗೆ ಅದು ಹೊಳೆದೇ ಇರಲಿಲ್ಲ. "ಎಲ್ರಿಗೂ ಕಳಿಸ್ತಾರೆ," ಎಂದ.

ಹನ್ನೊಂದರ ಹೊತ್ತಿಗೆ ಅವನ ಫೋನು ಬಡಿದುಕೊಂಡಿತು. ಅದು ಮಗಳು ವರ್ಷಿಣಿಯ ಕೈಯಲ್ಲಿತ್ತು. ಯಾವುದೋ ಆಟ ಆಡುತ್ತಿದ್ದಳು. "ಹಲೋ" ಎಂದವಳು ಸ್ವಲ್ಪ ಕೇಳಿಸಿಕೊಂಡು ಫೋನು ಚಾಚಿದಳು. "ಅಪ್ಪಾ, ಸಮ್ ಟೀಚರ್. ಹಿ ಸೇಸ್ ಯು ನೋ ಹಿಮ್."

ಆ ಕಡೆಯ ಧ್ವನಿ ಪತ್ರದ ಅಕ್ಷರಗಳ ಹಾಗೆಯೇ ಇತ್ತು, ಒಂದೊಂದು ಪದವನ್ನೂ ನೋಡಿ ಇಡುವಂಥದ್ದು. ಹೆಡ್‌ಮಾಸ್ತರರು ತಮ್ಮ ಹೆಸರು ಹೇಳಿದರು, ತೊಂದರೆ ಕೊಟ್ಟಿದ್ದಕ್ಕೆ ಕ್ಷಮೆ ಕೇಳಿದರು.

"ಗೆರೆ ಸರಿದಿದೆಯೇ ಸರ್?"

"ಸರಿಸಬೇಕು ಅಂತ ಬರೆದಿದ್ದೇನೆ. ತೀರ್ಮಾನ ಆಯೋಗದ್ದು."

"ಯಾವಾಗ?"

"ನನಗೆ ಗೊತ್ತಿಲ್ಲ."

"ಪೇಟೆಯಲ್ಲಿ ನಿನ್ನೆ ಸಂಜೆಯೇ ಗೊತ್ತಾಗಿದೆ," ಎಂದರು ಹೆಡ್‌ಮಾಸ್ತರರು. "ನಾವು ನಿಮಗೆ ಹಣ ಕೊಟ್ಟು ಬರೆಸಿದೆವು ಎನ್ನುತ್ತಿದ್ದಾರೆ. ದಾರಿಯ ಎರಡೂ ತುದಿಯಲ್ಲಿ ಅವರ ಜನ ನಿಂತಿದ್ದಾರೆ. ನಾನು ಅವರಿಗೆ ಏನಾದರೂ ಹೇಳಬೇಕು. ನಮ್ಮವರು ಯಾರಾದರೂ ಕೊಟ್ಟಿದ್ದರೆ ಹೇಳಿಬಿಡಿ ಸರ್, ನಾನು ಕೋಪಿಸಿಕೊಳ್ಳುವುದಿಲ್ಲ."

"ಯಾರೂ ಕೊಟ್ಟಿಲ್ಲ. ತಪ್ಪು ನನ್ನದು. ಆ ಮನೆಗಳನ್ನು ನೋಡಿ ನಾನು ಬೇರೆ ಏನೋ ಅಂದುಕೊಂಡೆ."

"ಏನು ಅಂದುಕೊಂಡಿರಿ?"

ಲಕ್ಷ್ಮೀಶ ಬಾಯಿ ತೆರೆದ. ಭಾನುಮತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಅವನನ್ನೇ ನೋಡುತ್ತಿದ್ದಳು. ವರ್ಷಿಣಿ ಆಟ ನಿಂತುಹೋದ ಬೇಸರದಲ್ಲಿ ಸೋಫಾದ ಮೇಲೆ ಕಾಲು ಮಡಚಿ ಕಾಯುತ್ತಿದ್ದಳು.

"ಒಂದು ನಿಮಿಷ," ಎಂದರು ಹೆಡ್‌ಮಾಸ್ತರರು. ಫೋನನ್ನು ದೂರ ಹಿಡಿದು ತಮ್ಮ ಭಾಷೆಯಲ್ಲಿ ಯಾರಿಗೋ ಏನೋ ಹೇಳಿದರು. ಶಾಂತವಾದ, ತರಗತಿಯಲ್ಲಿ ಹೇಳುವಂಥ ಧ್ವನಿ. ತುಂಬ ಮಕ್ಕಳು ಒಟ್ಟಿಗೆ ಎದ್ದು ನಿಂತ ಸದ್ದಾಯಿತು. ಶನಿವಾರವೂ ಅಲ್ಲಿ ಶಾಲೆ ಇರಬಹುದು ಎಂದುಕೊಂಡ ಲಕ್ಷ್ಮೀಶ. ಫೋನನ್ನು ಕಿವಿಗೆ ಒತ್ತಿ ಹಿಡಿದ. ಸಿಮೆಂಟಿನ ನೆಲದ ಮೇಲೆ ಉದ್ದನೆಯ ಬೆಂಚೊಂದನ್ನು ಎಳೆದುಕೊಂಡು ಹೋಗುತ್ತಿದ್ದರು. ಅದು ಮುಚ್ಚಿದ ಬಾಗಿಲಿಗೆ ಒತ್ತಿ ನಿಂತಂಥ ಸದ್ದಾಯಿತು. ಆಮೇಲೆ ಇನ್ನೊಂದು ಬೆಂಚು. ಆಮೇಲೆ ಇನ್ನೊಂದು.