ಬರತೇನಿ ಅನ್ನಬಾರದ ಮನೆ

ರಾಮದುರ್ಗದ ಆ ಓಣಿಯಲ್ಲಿ ಯಾರ ಬೀಗರು ಸತ್ತರೂ ಸುದ್ದಿ ಮೊದಲು ಮುಟ್ಟುತ್ತಿದ್ದದ್ದು ನಿಜಗುಣಪ್ಪನಿಗೆ. ಮಣ್ಣಿಗೆ ಹೋಗುವುದಿರಲಿ, ಆಮೇಲೆ ಆ ಮನೆಯವರನ್ನು ಮಾತಾಡಿಸಿಕೊಂಡು ಬರುವುದಿರಲಿ, ಟೆಂಪೊ ಹೇಳುವವನು ಅವನೇ, ಮುಂದಿನ ಸೀಟು ಹಿಡಿಯುವವನೂ ಅವನೇ. ಸವದತ್ತಿಯಾಗಲಿ, ಬೈಲಹೊಂಗಲವಾಗಲಿ, ದಾರಿಯುದ್ದಕ್ಕೂ ಅವನ ಪಾಠ. ಹೋದವರ ಹೆಸರೆತ್ತಬಾರದು, ಮನೆಯವರಿಗೆ ಅಳು ಉಕ್ಕುತ್ತದೆ. ಮಳೆ ಬೆಳೆ ಮಾತಾಡಬೇಕು. ಏಳುವಾಗ 'ಹೋಗಿ ಬರತೇವಿ' ಎಂದು ಅಪ್ಪಿತಪ್ಪಿಯೂ ಅನ್ನಬಾರದು. ಸಾವಿನ ಮನೆಗೆ ಮತ್ತೆ ಬರುತ್ತೇನೆ ಅನ್ನುವುದೆಂದರೆ ಇನ್ನೊಂದು ಸಾವನ್ನು ಕರೆದಂತೆ. ಸುಮ್ಮನೆ ಎದ್ದು ಚಪ್ಪಲಿ ಮೆಟ್ಟಿ ನಡೆಯಬೇಕು.

ಒಮ್ಮೆ ತೊರಗಲ್ಲಿಗೆ ಹೋದಾಗ ಪಕ್ಕದ ಮನೆಯ ದೇವಕ್ಕ ರೂಢಿಯಂತೆ 'ಬರತೇವ್ರಿ' ಅಂದುಬಿಟ್ಟಳು. ಅಷ್ಟೇ, ರಾಮದುರ್ಗ ಮುಟ್ಟುವವರೆಗೂ ನಿಜಗುಣಪ್ಪ ಆಕೆಯ ನೀರಿಳಿಸಿದ. ಹಿಂದಿನ ಸೀಟಿನಲ್ಲಿ ಅವನ ಹೆಂಡತಿ ರಾಚವ್ವ, ಬಾಯಿ ತಪ್ಪಿ ಅಂದಾಳ ಸಾಕು ಬಿಡ್ರಿ ಎನ್ನುತ್ತ ದೇವಕ್ಕನ ಕೈ ಹಿಡಿದುಕೊಂಡೇ ಕುಳಿತಿದ್ದಳು.

ಈಗ ಆ ರಾಚವ್ವನೇ ಹೋಗಿಬಿಟ್ಟಳು. ಜ್ವರವೆಂದು ಮಲಗಿದವಳು ಏಳಲೇ ಇಲ್ಲ.

ಜನ ಬಂದರು. ನಿಜಗುಣಪ್ಪ ಕಲಿಸಿದ ಪಾಠವನ್ನು ಅವನೆದುರೇ ಚೊಕ್ಕವಾಗಿ ಒಪ್ಪಿಸಿದರು. ಕಿತ್ತೂರಿನ ಬೀಗರು ಹೈವೇ ಮೇಲಿನ ಗಾಡಿಗಳ ಮಾತಾಡಿದರು, ಬೈಲಹೊಂಗಲದವರು ಗೋವಿನಜೋಳದ ಹುಳದ ಮಾತಾಡಿದರು. ರಾಚವ್ವನ ಹೆಸರು ಮಾತ್ರ ಯಾರ ಬಾಯಲ್ಲೂ ಇಲ್ಲ. ನಿಜಗುಣಪ್ಪನಿಗೆ ಕುಂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಅಡುಗೆಮನೆ ಬಾಗಿಲಿಗೆ ಹೋಗುವನು, ಒಲೆಯ ಮುಂದೆ ಸೊಸೆಯನ್ನು ಕಂಡು ಹಿಂದಿರುಗುವನು, ಅಂಗಳಕ್ಕಿಳಿಯುವನು, ಮತ್ತೆ ಒಳಗೆ. ಏನು ಬೇಕೆಂದು ಮಗ ಶ್ರೀಶೈಲ ಕೇಳಿದರೆ ಏನೂ ಇಲ್ಲ ಅನ್ನುವನು.

ಏನೂ ಇಲ್ಲವೇ! ಯಾರಾದರೂ ರಾಚವ್ವನ ಮಾತೆತ್ತಲಿ ಎಂದು ಅವನ ಜೀವ ಹಂಬಲಿಸುತ್ತಿತ್ತು. ಆಕೆ ಖಾರ ಕುಟ್ಟಿದರೆ ಓಣಿಯೆಲ್ಲ ಸೀನುತ್ತಿತ್ತು ಅನ್ನಲಿ. ಬೇಕಾದರೆ ಆಕೆ ಮಾಡಿದ ಜುಣಕಕ್ಕೆ ಉಪ್ಪು ಜಾಸ್ತಿ ಎಂದು ಹೆಸರಿಡಲಿ. ತಾನೇ ಎತ್ತೋಣವೆಂದು ಬಾಯಿ ತೆರೆದರೆ ಸಾಕು, ಎಲ್ಲರೂ ಗಡಿಬಿಡಿಯಿಂದ ಮಾತು ಹೊರಳಿಸುವರು. ಹೊರಳಿಸಲು ಕಲಿಸಿದವನಾದರೂ ಯಾರು? ಆಮೇಲೆ ಒಬ್ಬೊಬ್ಬರೇ ತುಟಿ ಬಿಚ್ಚದೆ ಎದ್ದು ಹೋಗುವರು. ಹೀಗೆ ಹೋದವರು ಇನ್ನು ಈ ಮನೆ ಕಡೆ ಹಾಯುವುದೇ ಇಲ್ಲವೇನೋ ಎಂದು ಅವನು ಅವರ ಹಿಂದೆಯೇ ಅಂಗಳದವರೆಗೂ ಹೋಗಿ ನಿಲ್ಲುವನು.

ಇಳಿಹೊತ್ತಿಗೆ ದೇವಕ್ಕ ಬಂದಳು. ದಿನಾ ಬಾಗಿಲಲ್ಲೇ ನಿಂತು 'ರಾಚಕ್ಕಾ, ಮಜ್ಜಿಗಿ ಐತೇನ?' ಎಂದು ಕೂಗಿ ಬರುವವಳು, ಇಂದು ಸದ್ದಿಲ್ಲದೆ ಬಂದು ಗೋಡೆಗೊರಗಿ ಕುಳಿತಳು. ಮಲಪ್ರಭೆಗೆ ನೀರು ಬಂದಿದೆಯಂತೆ ಎಂದಳು. ಸ್ವಲ್ಪ ಹೊತ್ತಿಗೆ ಮೊಣಕಾಲು ಹಿಡಿದುಕೊಂಡು ಎದ್ದು, ಅವನ ಮುಖ ನೋಡದೆ ಚಪ್ಪಲಿಗೆ ಕಾಲು ತೂರಿಸಿದಳು.

ನಿಜಗುಣಪ್ಪ ದಡಕ್ಕನೆ ಎದ್ದು ಅಂಗಳದಲ್ಲಿ ಆಕೆಗೆ ಅಡ್ಡ ನಿಂತ.

"ಬರತೇನಿ ಅನ್ನವ್ವಾ, ದೇವಕ್ಕ."

ಕುಳಿತವರೆಲ್ಲ ಬೆಚ್ಚಿದರು. ಅಪ್ಪನಿಗೆ ತಲೆ ಕೆಟ್ಟಿತೆಂದು ಶ್ರೀಶೈಲ ಓಡಿ ಬಂದು ತೋಳು ಹಿಡಿದ. ತೊರಗಲ್ಲಿನ ಬೈಗುಳವನ್ನು ದೇವಕ್ಕ ಮರೆತಿರಲಿಲ್ಲ. ಅದು ಅನ್ನಬಾರದ ಮಾತೆಂದು ನೀವೇ ಹೇಳಿದ್ದಿರಲ್ಲ ಎಂದು ಸೆರಗು ಬಾಯಿಗೊತ್ತಿಕೊಂಡು ಮೆಲ್ಲಗೆ ನೆನಪಿಸಿದಳು.

"ನಾ ಹೇಳಿದ್ದು ಸುಡಗಾಡಿಗೆ ಹೋಗಲಿ. ಎಲ್ಲಾರೂ ಹಿಂಗ ಸುಮ್ಮನ ಎದ್ದು ಹೊಂಟ್ರ ನಾ ಹೆಂಗ ಇರಲಿ?"

ದೇವಕ್ಕ ಸೆರಗು ತೆಗೆದಳು. "ಬರತೇನ್ರಿ ಅಣ್ಣಾರ. ನಾಳಿ ಮುಂಜಾನಿ ಬರತೇನಿ."

"ಸುಮ್ಮನ ಬರಬ್ಯಾಡ. ದಿನದಂಗ ಆಕೀನ್ನ ಕೂಗಕೋತ ಬಾ."

ರಾತ್ರಿ ಅವನಿಗೆ ನಿದ್ದೆ ಹತ್ತಲಿಲ್ಲ. ಬೆಳಗಾದದ್ದೇ ತಡ, ಬಾಗಿಲ ಕಡೆಯೇ ಕಿವಿ. ಬಿಸಿಲು ಅಂಗಳಕ್ಕಿಳಿಯಿತು. ಮಾತು ಕೊಟ್ಟವಳು ಹೆದರಿ ಹಿಂದೆ ಸರಿದಳೋ ಏನೋ ಎಂದು ಅವನು ಏಳುವಷ್ಟರಲ್ಲಿ ಹೊರಗಿನಿಂದ ನಡುಗುವ ದನಿ ಬಂತು.

"ರಾಚಕ್ಕಾ, ಮಜ್ಜಿಗಿ ಐತೇನ?"

ಸೊಸೆ ಕೈಯಲ್ಲಿದ್ದ ರೊಟ್ಟಿಯನ್ನು ಹಾಗೇ ಬಿಟ್ಟಳು. ನಿಜಗುಣಪ್ಪ ಆಕೆಯನ್ನು ದಾಟಿ ಒಳಗೆ ಹೋಗಿ ಮಜ್ಜಿಗೆ ಗಡಿಗೆಯನ್ನು ಎತ್ತಿಕೊಂಡ. "ಐತಿ, ಬಾರವ್ವಾ" ಅಂದವನು, ಹೆಂಡತಿ ಸತ್ತ ಮೇಲೆ ಮೊದಲ ಸಲ ಬಾಯಿಬಿಟ್ಟು ಅತ್ತ.