ಗೇಜಿನೊಳಗೆ ಇಳಿಯದ ಖೋಕಾ

ಇಳಿಯುತ್ತಿಲ್ಲ, ಇದೂ ಇಳಿಯುತ್ತಿಲ್ಲ, ಟಣ್ ಅಂತ ಬೀಳಬೇಕಾದದ್ದು ಉಗುರಿನ ದಪ್ಪದಷ್ಟು ಮೇಲೆಯೇ ನಿಂತುಬಿಟ್ಟಿದೆ, ಬೆರಳಿನಿಂದ ಒತ್ತಿದರೆ ಹೋಗುತ್ತದೆ, ಗೊತ್ತು, ಒತ್ತಿ ಕಳಿಸುವುದಾದರೆ ಈ ಗೇಜು ಯಾಕೆ ಬೇಕು, ಪಿಸ್ತೂಲಿನ ಒಳಗಿನ ಅಳತೆಗೆ ಸರಿಯಾಗಿ ಕೊರೆದ ಈ ಉಕ್ಕಿನ ತುಂಡು ಯಾಕೆ ಬೇಕು, ಒತ್ತಬ್ಯಾಡವ್ವಾ ಶೀಲಾ, ಅದು ತಾನ ಹೋಗಬೇಕು, ಒತ್ತಿ ಕಳಿಸಿದ್ದು ಒಳಗ್ ಹೋಗಿ ಜಗಳ ತಗೀತದ, ಅಂದವರು ಕಾಕಾನೇ, ಈಗ ಕಾಕಾ ಕಳಿಸಿದ ಖೋಕಾಗಳೇ ಜಗಳ ತೆಗೆದಿವೆ — ಡಬ್ಬಿ ತುಂಬ ಹಾರಿಸಿದ ಗುಂಡಿನ ಖಾಲಿ ಹಿತ್ತಾಳೆ ಚಿಪ್ಪುಗಳು, ಒಂದಕ್ಕಿಂತ ಒಂದು ಫಳಫಳ, ಮದುವೆ ಮನೆಯ ತಂಬಿಗೆ ಇದ್ದಂತೆ, ಹೊಳಪಿಗೇನು ಕಡಿಮೆ ಇಲ್ಲ, ಕೆಲಸಕ್ಕೆ ಮಾತ್ರ ಒಂದೂ ಇಲ್ಲ. ನಾಳೆ ಬೆಳಿಗ್ಗೆ ಕ್ಲಬ್ಬಿನ ಪಂದ್ಯ. ನಾನಿಲ್ಲಿ ಶನಿವಾರದ ಮಧ್ಯಾಹ್ನ ಊಟದ ಮೇಜಿನ ಮೇಲೆ ಹಳೇ ಪೇಪರು ಹಾಸಿಕೊಂಡು ಕುಳಿತಿದ್ದೇನೆ, ಕೂಲರು ಬಿಸಿ ಗಾಳಿಯನ್ನೇ ಒದ್ದೆ ಮಾಡಿ ಮುಖಕ್ಕೆ ಉಗುಳುತ್ತಿದೆ, ಜಗತ್ ಸರ್ಕಲ್ಲಿನ ಹಾರ್ನುಗಳೆಲ್ಲ ಕಿಟಕಿಯಿಂದ ನೇರ ನನ್ನ ತಲೆಯೊಳಗೆ ಬಂದು ಕೂತಿವೆ, ಅವು ಮಾತ್ರ ಎಷ್ಟು ಸಲೀಸಾಗಿ ಇಳಿಯುತ್ತವೆ ನೋಡು.

ಎಲ್ಲ ನೋಡಿದ್ದಾಯಿತು, ಬಾಯಿ ಅಗಲವಾಗಿದೆಯಾ ಅಂತ ನೋಡಿದೆ, ಇಲ್ಲ, ತಳ ಉಬ್ಬಿದೆಯಾ, ಇಲ್ಲ ಅನಿಸುತ್ತದೆ, ಬೇರೆ ಬೇರೆ ಕಂಪನಿಯ ಮಾಲು ಕಲೆತಿದೆಯಾ, ಕಲೆತಿದೆ, ಆದರೆ ಯಾವ ಕಂಪನಿಯದೂ ಇಳಿಯುತ್ತಿಲ್ಲ, ಅಷ್ಟರಮಟ್ಟಿಗೆ ಸಮಾನತೆ — ಗೇಜೇ ಕೆಟ್ಟಿದೆಯಾ ಅಂತ ಹಳೆಯ ಒಂದು ಖೋಕಾ ಹಾಕಿ ನೋಡಿದೆ, ಟಣ್, ಬಿತ್ತು, ಅಂದರೆ ಗೇಜು ಸರಿ, ನಾನು ಸರಿ, ತಪ್ಪು ಕಾಕಾ ಇರುವ ಕಮಲಾಪುರದ್ದೇ. ಗುಂಡು ಹಾರಿದಾಗ ಹಿತ್ತಾಳೆ ಉಬ್ಬುತ್ತದೆ, ಅದನ್ನು ಡೈ ಎಂಬ ಉಕ್ಕಿನ ಅಚ್ಚಿನೊಳಗೆ ಒತ್ತಿ ಮತ್ತೆ ಮೊದಲಿನ ಅಳತೆಗೆ ತರಬೇಕು, ಡೈ ಒಂದು ಎಳೆ ಮೇಲಿದ್ದರೂ ತಳದ ಉಬ್ಬು ಹಾಗೇ ಉಳಿಯುತ್ತದೆ, ಡೈ ಇರುವುದು ಕಾಕಾನ ಪ್ರೆಸ್ಸಿನಲ್ಲಿ, ಪ್ರೆಸ್ಸು ಇರುವುದು ಕಮಲಾಪುರದಲ್ಲಿ ಪಡಸಾಲೆಯ ತೇಗದ ಮೇಜಿನ ಮೇಲೆ, ಮೊದಲಿನಿಂದ ನಮ್ಮ ಪದ್ಧತಿಯೇ ಹಾಗೆ, ನಾನು ಇಲ್ಲಿ ಹಾರಿಸಿ ಖಾಲಿ ಡಬ್ಬಿ ಬಸ್ಸಿನಲ್ಲಿ ಒಯ್ದು ಕೊಡುತ್ತೇನೆ, ಮಾಪಣ್ಣ ಕಾಕಾ ಅಲ್ಲಿ ಒತ್ತಿ ಕೊಡುತ್ತಾರೆ, ಇಲ್ಲಿ ತಂದು ಮದ್ದು, ಗುಂಡು ನಾನು ತುಂಬುತ್ತೇನೆ, ಲೈಸೆನ್ಸಿನಲ್ಲಿ ಇಬ್ಬರಿಗೂ ಅನುಮತಿ ಇದೆ, ಪಿಸ್ತೂಲು ಹಿಡಿಯಲು ಕಲಿಸಿದವರೂ ಅವರೇ, ಪೊಲೀಸ್ ಶಸ್ತ್ರಾಗಾರದಲ್ಲಿ ಹಣ್ಣಾದ ಕೈ, ಹೆಣ್ಣ್ಮಕ್ಕಳ ಕೈಯಾಗ ಇದೇನೋ ಮಾಪಣ್ಣಾ ಅಂದ ಊರ ಹಿರಿಯರಿಗೆ, ಬಾಬಾಸಾಹೇಬರು ಹೆಣ್ಣ್ಮಕ್ಕಳ ಕೈಗೆ ಬರೇ ಲಟ್ಟಣಿಗಿ ಕೊಡ್ರಿ ಅಂತ ಎಲ್ಲಿ ಬರದಾರ ತೋರಿಸ್ರಿ, ಅಂದು ಬಾಯಿ ಮುಚ್ಚಿಸಿದವರೂ ಅವರೇ. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದ ಮೇಲೆ ಅವರು ರೇಂಜಿಗೆ ಬರುವುದನ್ನು ಬಿಟ್ಟರು. ಮೊದಲು ಗುರಿಹಲಗೆ ಮಸುಕಾಯಿತು, ಆಮೇಲೆ ಪೇಪರಿನ ಅಕ್ಷರ, ಪ್ರೆಸ್ಸು ಮಾತ್ರ ಬಿಡಲಿಲ್ಲ, ಇದಕ್ಕ ಕಣ್ಣ್ಯಾಕ ಬೇಕು, ಹಿಡಿ ಎಳದ್ರ ಕೈಗೇ ತಿಳೀತದ, ಅನ್ನುತ್ತಿದ್ದರು, ಕಸ್ತೂರಿಬಾಯಿ ಕಾಕಿ ನಗುತ್ತಿದ್ದಳು, ನನ್ ಮಾರಿ ಮೋತಿ ಮರ್ತಾರ ಖರೆ, ಆ ಮಷೀನ್ ಮರೀವಲ್ರು.

ನಾನೇನು ತಪ್ಪು ಅಂದೆ, ಯಾರಿಗಾದರೂ ಸಿಟ್ಟು ಬರುತ್ತದೆ, ಪಂದ್ಯದ ಹಿಂದಿನ ದಿನ ಡಬ್ಬಿಗೆ ಡಬ್ಬಿಯೇ ಕೈಕೊಟ್ಟರೆ ಯಾರಿಗೆ ಬರುವುದಿಲ್ಲ ಹೇಳಿ, ಬೆಳಿಗ್ಗೆ ಫೋನು ಮಾಡಿದಾಗ ಜೈ ಭೀಮ ಶೀಲಾ, ಎಲ್ಲಾ ತಯಾರ್ ಆಯ್ತೇನವ್ವಾ, ಅಂದರು ಎಷ್ಟು ಹುರುಪಿನಿಂದ, ನನಗೆ ಅದಕ್ಕೇ ಇನ್ನಷ್ಟು ಉರಿದುಹೋಯಿತು, ಏನ್ ತಯಾರ್ ಕಾಕಾ, ಒಂದೂ ಇಳೀವಲ್ದು, ಡೈ ಮ್ಯಾಲ್ ಎದ್ದದ, ನೋಡಿಲ್ಲೇನು ನೀವು — ಇಲ್ಲವ್ವಾ, ನಾ ಕೈಲೇ ನೋಡೇನಿ, ಡೈ ಛಲೋ ಕುಂತದ — ಕೈಲೇ, ಕೈಲೇ, ಯಾವಾಗ್ ನೋಡಿದ್ರೂ ಕೈಲೇ, ಕಣ್ಣ್ ಕಾಣ್ಸಲ್ಲಂದ್ರ ಕಾಣ್ಸಲ್ಲ ಅನ್ರಿ ಕಾಕಾ, ಆ ಮಷೀನ್ ಬಿಡ್ರಿನ್ನ, ನನ್ ಕೆಲಸ ಯಾಕ್ ಕೆಡಸ್ತೀರಿ. ಅಂದೆ. ಅಂದುಬಿಟ್ಟೆ. ಆ ಕಡೆಯಿಂದ ಫ್ಯಾನಿನ ಕಿರಕಿರದ ಜೊತೆ ಬಂತು, ಆಯ್ತ್ರಿ. ರೀ ಹಚ್ಚಿ. ಹುಟ್ಟಿದಾಗಿನಿಂದ ನನ್ನನ್ನು ನೀ, ಬಾ, ತಾ ಅಂದ ಮನುಷ್ಯ, ಬ್ಯಾಂಕಿನ ಮ್ಯಾನೇಜರಿಗೆ ಹಚ್ಚುವ ರೀ ಹಚ್ಚಿ ಫೋನು ಇಟ್ಟರು. ಇರಲಿ, ಅವರಿಗೂ ಯಾರಾದರೂ ಹೇಳಬೇಕಿತ್ತು, ಕಾಕಿ ಹೇಳುವುದಿಲ್ಲ, ನಾನು ಹೇಳಿದೆ, ಖರೇ ಹೇಳುವುದೂ ಪ್ರೀತಿಯೇ — ಅಲ್ಲೇ ಪಂಚಶೀಲಾ, ಹಾಗಾದರೆ ಬೆಳಿಗ್ಗೆಯಿಂದ ಅದೇ ಖೋಕಾಗಳನ್ನು ಮತ್ತೆ ಮತ್ತೆ ಗೇಜಿಗೆ ಬಿಟ್ಟು ನೋಡುತ್ತಿರುವುದು ಯಾಕೆ.

ಕುನಾಲ ಚಹಾ ತಂದಿಟ್ಟ, ನನ್ನ ಗಂಡನಿಗೆ ಬಂದೂಕು ಕಂಡರೆ ಅಲರ್ಜಿ, ಆದರೂ ಕೈ ಸುಮ್ಮನಿರುವುದಿಲ್ಲ, ಒಂದು ಖೋಕಾ ಎತ್ತಿದ, ಮುಟ್ಟಬ್ಯಾಡ ಅಂದೆ, ಅವನು ಅದನ್ನು ಮೂಗಿಗೆ ಹಿಡಿದ, ಶೀಲಾ, ಭಜಿ ವಾಸನಿ ಬರ್ತದಲ್ಲ ಇದಕ್ಕ. ನಿನಗೆ ಯಾವಾಗಲೂ ಭಜಿಯದೇ ಚಿಂತೆ ಅನ್ನಲು ಬಾಯಿ ತೆರೆದೆ, ಅವನು ಅಂಗೈ ಮಗುಚಿ ತೋರಿಸಿದ, ಖೋಕಾ ಬೀಳಲಿಲ್ಲ, ಅಂಗೈಗೆ ಅಂಟಿಕೊಂಡು ಜೋತಾಡಿತು, ನೋಡು, ನಮ್ ಎಣ್ಣಿ ಕ್ಯಾನಿನ ಬಾಯಿ ಹಿಂಗ ಜಿಗಿಜಿಗಿ ಆಗಿರ್ತದಲ್ಲ, ಹಂಗ. ಎಣ್ಣಿ. ಎಣ್ಣಿ. ಕುಸುಬಿ ಎಣ್ಣಿ. ಉಗುರಿನ ಬಣ್ಣ ತೆಗೆಯುವ ಸೀಸೆಯೇ ಕೈಗೆ ಸಿಕ್ಕಿತು, ಹತ್ತಿ ಅದ್ದಿ ತಿಕ್ಕಿದೆ, ಹತ್ತಿ ಹಳದಿಯಾಯಿತು, ಜೇನಿನಂಥ ಪದರ ಎದ್ದು ಬಂತು, ಒರೆಸಿ ಗೇಜಿಗೆ ಬಿಟ್ಟೆ — ಟಣ್. ಇನ್ನೊಂದು, ಟಣ್, ಒರೆಸಿದ್ದೆಲ್ಲ ಟಣ್. ಆ ಫಳಫಳ ಹಿತ್ತಾಳೆಯದಲ್ಲ, ಬಾಗಿಲಿಗೆ ವಾರ್ನಿಶ್ ಹೊಡೆದಂತೆ ಒಣಗಿ ಕೂತ ಎಣ್ಣೆಯದು. ಖೋಕಾ ಡೈನಲ್ಲಿ ಸಿಕ್ಕಿಕೊಳ್ಳಬಾರದೆಂದು ಹಚ್ಚುವ ಗ್ರೀಸು ತೀರಿದೆ, ಪ್ಯಾಟಿಯಿಂದ ತಾರವ್ವಾ, ಅಂತ ಕಾಕಾ ಹೋದ ತಿಂಗಳು ಕೇಳಿದ್ದರಲ್ಲ, ಆಗ ನಾನು, ಆಫೀಸಿನ ಗಡಿಬಿಡಿಯಲ್ಲಿ ನಾನು, ಅದಕ್ಕೇನ್ ದೊಡ್ಡ ಮಾತು, ಅಡಿಗಿ ಮನ್ಯಾಗ್ ಎಣ್ಣಿ ಇಲ್ಲೇನ್ ಕಾಕಾ, ಅದನ್ನ ಹಚ್ರಿ, ಅಂದು ಫೋನು ಇಟ್ಟಿದ್ದೆನಲ್ಲ, ನಮ್ಮ ಮಂದಿಯ ಅಡಿಗೆ ಮನೆಯಲ್ಲಿ ಕುಸುಬಿ ಅಲ್ಲದೆ ಇನ್ಯಾವ ಎಣ್ಣೆ ಇರುತ್ತದೆ, ಆ ಎಣ್ಣೆ ಗಾಳಿಗೆ ಬಿಟ್ಟರೆ ಗೋಂದಾಗುತ್ತದೆ ಅಂತ ಕ್ಯಾನು ತಿಕ್ಕುವ ಯಾರಿಗೆ ಗೊತ್ತಿಲ್ಲ, ಒರಸಿ ಇಡ್ರಿ ಅಂತಲೂ ನಾನು ಹೇಳಲಿಲ್ಲ, ಈ ಬಿಸಿಲಲ್ಲಿ ತಗಡಿನ ಡಬ್ಬಿಯೊಳಗೆ ಅದು ಗಟ್ಟಿಯಾಗದೆ ಏನಾಗುತ್ತದೆ. ಡೈ ಸರಿ ಇತ್ತು. ಕೈ ಸರಿ ಇತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಥೂ ನಿನ್ನ.

ಕಾಕಾ ಫೋನು ಎತ್ತಲಿಲ್ಲ, ಮತ್ತೆ ಎತ್ತಲಿಲ್ಲ, ಆಮೇಲೆ ಕಾಕಿ ಎತ್ತಿದಳು, ಏನಂದೆವ್ವಾ ನೀ ಅವ್ರಿಗೆ, ಮುಂಜಾನಿಂದ ಮಾತಿಲ್ಲ ಕತಿಯಿಲ್ಲ, ಪಾನಾ ಹಿಡಕೊಂಡು ಕುಂತು ಮಷೀನ್ ಬಿಚ್ಚಿ ಚೀಲದಾಗ ಕಟ್ಯಾರ, ಮ್ಯಾಜಿನ ತುಂಬ ತೂತು ಕಾಣ್ತಾವ ನೋಡ್ಲಿಕ್ಕಾಗವಲ್ದು ನನಗ. ಕುನಾಲ ಸ್ಕೂಟರಿನ ಕೀಲಿ ಕೊಟ್ಟ, ಪುಣ್ಯಾತ್ಮ. ಹುಮನಾಬಾದ್ ರಸ್ತೆಯಲ್ಲಿ ಲಾರಿಗಳ ಹಿಂದೆ ಲಾರಿ, ಬಿಸಿಲು ಹೆಲ್ಮೆಟ್ಟಿನೊಳಗೇ ಅನ್ನ ಬೇಯಿಸುತ್ತಿದೆ, ಏನನ್ನಲಿ, ಕಾಕಾ ತಪ್ಪು ನಂದು ಅನ್ನಲಿ, ಎಣ್ಣೆಯದು ಅನ್ನಲಿ, ಮಾತು ಆಡಿದರೆ ಹೋಯಿತು ಮುತ್ತು ಒಡೆದರೆ ಹೋಯಿತು ಅಂತ ಶಾಲೆಯ ಗೋಡೆಯ ಮೇಲೆ ಬರೆದಿದ್ದನ್ನು ನಾನೇ ಎಷ್ಟು ಸಲ ಓದಿದ್ದೇನೆ, ತೂತು ಕಾಣ್ತಾವ ಅಂದಳಲ್ಲ ಕಾಕಿ, ನಾಲ್ಕು ಬೋಲ್ಟು, ನಾಲ್ಕು ತೂತು, ಸರಿದು ಹೋಗೋ ಲಾರಿಯವನೇ, ಹೇಳಿದರೆ ಕಾಕಾ ನಗುತ್ತಾರೆ, ಅಯ್ಯ ಹುಚ್ಚಿ ಎಣ್ಣಿ ಹಚ್ಚಂದಾಕಿ ನೀನ ಅಲ್ಲೇನ, ಅಂತ ನಕ್ಕು ಬೋಲ್ಟು ಮತ್ತೆ ಬಿಗಿಯುತ್ತಾರೆ, ಬಿಗಿಯಲೇಬೇಕು, ದಾರಿಬದಿಯಲ್ಲಿ ಕೆಂಪು ಬಾಳೆಯ ಗೊನೆಗಳು ಶುರುವಾದವು, ಕಮಲಾಪುರ ಬಂತು, ಏನಾದರೂ ಕೊಂಡೊಯ್ಯಲೇ, ಬೇಡ, ಬಾಳೆಹಣ್ಣು ಕೊಟ್ಟು ಮುಗಿಸುವ ಮಾತಲ್ಲ ಇದು.

ಚೀಲ ಬಾಗಿಲ ಹತ್ತಿರವೇ ಇತ್ತು, ಹಗ್ಗದಿಂದ ಬಿಗಿದು ನೀಟಾಗಿ ಗಂಟು ಹಾಕಿ. ಕಾಕಾ ಮೇಜಿನ ಮುಂದೆ ಕೂತಿದ್ದಾರೆ, ಕೈಯಲ್ಲಿ ಕಲಸಿದ ಎಂ-ಸೀಲ್, ನೀರಿನ ಟಾಕಿ ಸೋರಿದಾಗ ಮೆತ್ತುವುದು, ಮೊದಲ ತೂತು ಮುಚ್ಚಿಯಾಗಿದೆ, ಎರಡನೆಯದೂ, ಮೂರನೆಯದನ್ನು ಬೆರಳಿಂದ ತಡವಿ ಹುಡುಕಿ ತುಂಬುತ್ತಿದ್ದಾರೆ. ಜೈ ಭೀಮ ಕಾಕಾ ಅಂದೆ. ಬರ್ರಿ, ಕುಂದರ್ರಿ, ಅಂದರು ತಲೆ ಎತ್ತದೆ. ಕಾಕಾ ಡೈ ಛಲೋ ಇತ್ತು, ನಿಮ್ ಕೈ ಛಲೋ ಇತ್ತು, ಎಣ್ಣಿ ಒಣಗಿತ್ತು ಕಾಕಾ, ಎಣ್ಣಿ ಹಚ್ಚಂದಾಕಿ ನಾನೇ, ಒರಸಿದ್ರ ಎಲ್ಲಾ ಇಳದ್ವು, ಎಲ್ಲಾನೂ, ತಪ್ಪು ನಂದು, ಹೇಳಿದ್ದೆಲ್ಲ ಒಂದೇ ಉಸಿರಿನಲ್ಲಿ ಬಂತು, ಅಳು ಕೂಡ. ಅವರು ಕೇಳಿಸಿಕೊಂಡರು, ಹೂಂ ಅಂದರು, ಮೂರನೆಯ ತೂತನ್ನು ಹೆಬ್ಬೆಟ್ಟಿನಿಂದ ಸವರಿ ಸಮ ಮಾಡಿದರು. ಎಣ್ಣಿ ಇರಬಹುದ್ರಿ. ಕಣ್ಣ್ ಕಾಣ್ಸಲ್ಲ ಅಂದದ್ದೂ ಖರೇನ ಅದ ಅಲ್ಲ. ಇವತ್ತ್ ಎಣ್ಣಿ, ನಾಳಿ ಸೀಳಿದ ಖೋಕಾ, ಅದು ನಿಮ್ ಮೋತಿ ಮುಂದ ಒಡೆದ್ರ ನಾ ಏನ್ ಮಾಡ್ಲಿ. ಮಷೀನ್ ನೀವ ಒಯ್ರಿ. ಅವರು ಉಳಿದ ಎಂ-ಸೀಲ್ ಉಂಡೆ ಮಾಡಿಕೊಂಡು ನಾಲ್ಕನೆಯದನ್ನು ಹುಡುಕುತ್ತಿದ್ದಾರೆ, ಕೈ ಮೇಜಿನ ಮೇಲೆ ನಿಧಾನ ಸರಿದು ಬರುತ್ತಿದೆ, ನನ್ನ ಬೆರಳು ಅದಕ್ಕಿಂತ ಮೊದಲು ಹೋಗಿ ತೂತಿನೊಳಗೆ ಕೂತಿತು, ಒಳಗೆ ಕಟ್ಟಿಗೆಯ ಸಿಬಿರು ಚುಚ್ಚುತ್ತಿದೆ, ಅವರ ಕೈ ಬಂದು ನನ್ನ ಬೆರಳಿಗೆ ತಾಗಿ ನಿಂತಿತು, ಬೆರಳ್ ತಗೀರಿ, ಒಣಗ್ತದ ಇದು. ತೆಗೆಯುವುದಿಲ್ಲ. ತಗೀರಿ ಅಂದ್ನಲ್ಲ. ಮೂರು ತೂತು ಮುಚ್ಚಿವೆ, ಒಂದು ತೆರೆದಿದೆ, ಅದರೊಳಗೆ ನನ್ನ ಬೆರಳು, ತೆಗೆಯುವುದಿಲ್ಲ, ಒಂದು ತೆರೆದಿದೆ, ರೀ ಬಿಟ್ಟು ನೀ ತಗೀ ಅನ್ನುವವರೆಗೆ ತೆಗೆಯುವುದಿಲ್ಲ, ಒಂದು ತೂತು, ಅದರೊಳಗೆ ನನ್ನ ಬೆರಳು, ಅದರ ಪಕ್ಕ ಅವರ ಕೈ